ಕುಳಿತು ಕಂಡ ಇತಿಹಾಸ

ಐತಿಹಾಸಿಕ ಸ್ಥಳಗಳನ್ನು ಕುರಿತು ನಮ್ಮಲ್ಲಿ ಬಂದಿರುವ ಪುಸ್ತಕಗಳನ್ನು ತೆರೆದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳನ್ನು ಬರೆದ ಮಹನೀಯರು ಓದುಗನಿಗೆ ಗಟ್ಟಿಯಾದ ಎರಡು ಕಾಲುಗಳಿವೆಯೆಂದು ಮೊದಲೇ ನಂಬಿಕೊಂಡಿರುತ್ತಾರೆ. ಇಷ್ಟು ಮೆಟ್ಟಿಲು ಹತ್ತಿರಿ, ಕೋಟೆಯನ್ನು ಒಂದು ಸುತ್ತು ಬನ್ನಿ, ಬುರುಜಿನ ಮೇಲೆ ನಿಂತು ಸೂರ್ಯಾಸ್ತವನ್ನು ನೋಡಿರಿ ಎಂದು ಅವರು ಸಲೀಸಾಗಿ ಬರೆದುಬಿಡುತ್ತಾರೆ. ಶ್ರವಣಬೆಳಗೊಳದ ದೊಡ್ಡ ಬೆಟ್ಟದ ಆರುನೂರಕ್ಕೂ ಮಿಕ್ಕಿದ ಮೆಟ್ಟಿಲುಗಳಾಗಲಿ, ಗೋಳಗುಮ್ಮಟದ ಗೋಪುರದೊಳಗಿನ ಕಡಿದಾದ ಸೋಪಾನಗಳಾಗಲಿ ಅವರಿಗೆ ಲೆಕ್ಕಕ್ಕಿಲ್ಲ. ಆದರೆ ಇತಿಹಾಸದಲ್ಲಿ ಆಸಕ್ತಿ ಬಲಿಯುವ ವಯಸ್ಸೂ ಮೊಣಕಾಲು ಸವೆಯುವ ವಯಸ್ಸೂ ಬಹುಮಟ್ಟಿಗೆ ಒಂದೇ. ಮೂವತ್ತರಲ್ಲಿ ಕಾಲಿತ್ತು, ಬಿಡುವಿರಲಿಲ್ಲ. ಅರವತ್ತೈದರಲ್ಲಿ ಬಿಡುವಿದೆ, ಕಾಲು ಕೇಳುವುದಿಲ್ಲ. ಇನ್ನು ಹುಟ್ಟಿನಿಂದಲೋ ರೋಗದಿಂದಲೋ ಅಪಘಾತದಿಂದಲೋ ನಡೆಯಲಾರದವರು ಎಷ್ಟೋ ಮಂದಿ ಇದ್ದಾರೆ. ಇವರೆಲ್ಲರಿಗೂ ನಾಡಿನ ಇತಿಹಾಸದಲ್ಲಿ ಪಾಲಿಲ್ಲವೆ? ಇಂದು ಈ ಪ್ರಶ್ನೆಯನ್ನು ಇಟ್ಟುಕೊಂಡು ಕಲಬುರಗಿ ಜಿಲ್ಲೆಯ ಪೂರ್ವ ಭಾಗದ ಕೆಲವು ಸ್ಥಳಗಳನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ – ಇವು ನಮ್ಮ ಪ್ರವಾಸದ ಊರುಗಳು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸ್ವಂತ ಕಾಲಿನ ಮೇಲೆ ನಡೆದು ನೋಡುವುದೇ ನೋಡುವ ಏಕೈಕ ಕ್ರಮವೆಂಬುದು ಹಿಂದಿನವರ ಭಾವನೆಯಾಗಿರಲಿಲ್ಲ. ಉಳ್ಳವರು ಆನೆ, ಕುದುರೆ, ಮೇನೆಗಳಲ್ಲಿ ಸಂಚರಿಸಿದರು. ಮಧ್ಯಮ ಸ್ಥಿತಿಯವರಿಗೆ ಎತ್ತಿನ ಗಾಡಿ ಇತ್ತು. ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್ ಭೀಮಾತೀರದಲ್ಲಿ ಫಿರೋಜಾಬಾದದ ಬಳಿಯ ಜೇವರ್ಗಿಯ ಕಲ್ಲುಗೋರಿಗಳನ್ನು 1850ರ ಸುಮಾರಿನಲ್ಲಿ ಅಗೆಸಿ ನೋಡಿ, ಅವು ಬಹು ಪ್ರಾಚೀನ ಜನರ ಸಮಾಧಿಗಳೆಂದು ವಿದ್ವಾಂಸರ ಗಮನಕ್ಕೆ ತಂದವನು. ಅವನ ಕಾಲದ ಅಧಿಕಾರಿಗಳು ರಾತ್ರಿಯೆಲ್ಲ ಮೇನೆಯಲ್ಲಿ ಮಲಗಿ ದಾರಿ ಸಾಗಿಸುತ್ತಿದ್ದರು. ಹೊತ್ತ ಭೋಯಿಗಳ ಹೆಸರು ಯಾವ ವರದಿಯಲ್ಲೂ ಉಳಿಯಲಿಲ್ಲ. ನಮ್ಮ ಪುರಾತತ್ತ್ವದ ಮೊದಲ ಅಧ್ಯಾಯಗಳಲ್ಲಿ ಎಷ್ಟೋ ಪುಟಗಳು ಇನ್ನೊಬ್ಬರ ಹೆಗಲಿನ ಮೇಲೆ ಸಾಗಿಬಂದವು ಎಂಬುದನ್ನು ಮರೆಯಬಾರದು.

ಹೆಗಲನ್ನು ಕೊಂಡುಕೊಳ್ಳಲಾರದ ಬಡವರ ಗತಿ ಏನಾಗಿತ್ತು? ಇದಕ್ಕೆ ನಮ್ಮ ಶಾಸನಗಳಲ್ಲಿಯೇ ಒಂದು ಉತ್ತರವಿದೆ. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದ 1162ರ ಶಾಸನವು ಅಲ್ಲಿಯ ಕೋಡಿಯಮಠವನ್ನು ವರ್ಣಿಸುತ್ತ, ಅದು ವೇದಶಾಸ್ತ್ರಗಳ, ವ್ಯಾಕರಣದ, ಕಾವ್ಯನಾಟಕಗಳ ಅಧ್ಯಯನದ ಸ್ಥಾನವೆಂದು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಇವರಿಗೆ ಎಂದೂ ಅನ್ನ ದೊರೆಯುವ ಸ್ಥಳವೆಂದೂ, ರೋಗಿಗಳಿಗೆ ಔಷಧ ದೊರೆಯುವ ಸ್ಥಳವೆಂದೂ ಅದನ್ನು ಕೊಂಡಾಡುತ್ತದೆ. ಪಂಡಿತರ ಪಟ್ಟಿಯೂ ಕಾಲಿಲ್ಲದವರ ಪಟ್ಟಿಯೂ ಒಂದೇ ಕಲ್ಲಿನ ಮೇಲೆ, ಒಂದೇ ಉಸಿರಿನಲ್ಲಿ ಬಂದಿವೆ. ವಿದ್ಯಾಸ್ಥಾನದ ಹಿರಿಮೆಯನ್ನು ಅದರ ಬಾಗಿಲು ಯಾರಿಗೆ ತೆರೆದಿದೆ ಎಂಬುದರಿಂದಲೂ ಅಳೆಯಬೇಕೆಂದು ಎಂಟುನೂರ ಅರವತ್ತು ವರ್ಷಗಳ ಹಿಂದಿನ ಶಾಸನಕವಿಗೆ ತಿಳಿದಿತ್ತು.

ಈಗ ನಮ್ಮ ಪ್ರದೇಶಕ್ಕೆ ಬರೋಣ. ಇಲ್ಲಿ ಬೆಟ್ಟದ ಕೋಟೆಗಳು ವಿರಳ. ಎರೆಭೂಮಿ, ತೊಗರಿಯ ಹೊಲ, ನಡುನಡುವೆ ಸುಣ್ಣಕಲ್ಲಿನ ಗಣಿ. ಕಾಗಿಣಾ, ಭೀಮಾ ನದಿಗಳು. ಇತಿಹಾಸ ಇಲ್ಲಿ ತಲೆಯೆತ್ತಿ ನಿಂತಿಲ್ಲ, ನೆಲಕ್ಕೆ ಹತ್ತಿಕೊಂಡು ಕುಳಿತಿದೆ. ಇದಕ್ಕೆ ರೈಲು ಮಾಡಿದ ಉಪಕಾರವೂ ಸೇರಿದೆ. ಮುಂಬಯಿಯಿಂದ ಬಂದ ರೈಲುದಾರಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯೊಡನೆ ಕೂಡಿತು. ಆ ದಾರಿಯ ಮೇಲಿನ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ಸಂಸ್ಥಾನದ ರೈಲು 1874ರಲ್ಲಿ ತೆರೆಯಿತು. ಹೀಗೆ ವಾಡಿ ಜಂಕ್ಷನ್ ಆಯಿತು. ಅಲ್ಲಿಂದ ಪೂರ್ವಕ್ಕೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಒಂದರ ಹಿಂದೊಂದು ಬಂದವು. ನಾಗಾವಿಯ ಘಟಿಕಾಸ್ಥಾನ, ರಾಷ್ಟ್ರಕೂಟರ ಮಾನ್ಯಖೇಟ, ಸೇಡಿಂಬದ ಅಗ್ರಹಾರ, ಮೂರೂ ಒಂದೇ ಪ್ಯಾಸೆಂಜರ್ ಗಾಡಿಯ ಮೂರು ನಿಲುಗಡೆಗಳ ಆಸುಪಾಸಿನಲ್ಲಿವೆ. ದಾರಿ ಹಾಕಿದ ಇಂಜಿನಿಯರರು ನೃಪತುಂಗನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ಹೇಳಲಾಗದು. ಆದರೂ ಕಾಲು ಸೋತವನಿಗೆ ಇಂತಹ ಅನುಕೂಲ ಹಂಪೆಯಲ್ಲೂ ಇಲ್ಲ.

ಪ್ರವಾಸವನ್ನು ಶಹಾಬಾದದಿಂದ ತೊಡಗಬೇಕೆಂದು ನನ್ನ ಸೂಚನೆ. ಕೆಲವೇ ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವಾದ ಈ ಊರಿನಲ್ಲಿ ನೋಡುವುದಕ್ಕೆ ಏನಿದೆ ಎಂದು ಕೇಳುವವರುಂಟು. ಬಾಗಿ ನೆಲವನ್ನು ನೋಡಿರಿ ಎಂಬುದೇ ಉತ್ತರ. ಇಲ್ಲಿಯ ಸುಣ್ಣಕಲ್ಲು ಪದರು ಪದರಾಗಿ ಹಲಗೆಯಂತೆ ಎದ್ದುಬರುತ್ತದೆ. ಇಲ್ಲಿಯವರು ಅದನ್ನು ಫರ್ಸಿ ಎನ್ನುತ್ತಾರೆ. ಮನೆಯ ನೆಲ, ಮುಂಗಟ್ಟೆ, ಹಿತ್ತಿಲ ಗೋಡೆ, ರೈಲು ನಿಲ್ದಾಣದ ಕಟ್ಟೆ, ಶಾಲೆಯ ಜಗಲಿ ಎಲ್ಲವೂ ಅದೇ. ಕೋಟ್ಯಂತರ ವರ್ಷಗಳ ಹಿಂದೆ ಈ ಭಾಗವನ್ನು ಆವರಿಸಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಮೆಲ್ಲನೆ ಇಳಿದು ಗಟ್ಟಿಯಾದ ಕೆಸರು ಅದು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಅದೇ ಕಲ್ಲನ್ನು ಸುಟ್ಟು ಪುಡಿಮಾಡಿ ಸಿಮೆಂಟು ಮಾಡುವ ಉದ್ಯಮ ಇಲ್ಲಿ ಬೆಳೆಯಿತು. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎ.ಸಿ.ಸಿ. ಆದಾಗ ಶಹಾಬಾದ ಸಿಮೆಂಟ್ ಕಂಪನಿಯೂ ಅವುಗಳಲ್ಲಿ ಒಂದಾಗಿತ್ತು. ನಡೆಯಲಾರದವನು ಇಲ್ಲಿ ಒಂದು ಕಟ್ಟೆಯ ಮೇಲೆ ಕುಳಿತುಕೊಂಡರೆ ಸಾಕು, ಜಿಲ್ಲೆಯ ಅತ್ಯಂತ ಹಳೆಯ ದಾಖಲೆಯ ಮೇಲೆಯೇ ಕುಳಿತಂತಾಯಿತು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಬಹುಕಾಲ ತುಳಿದು ನಯವಾದ ಫರ್ಸಿ ಮಳೆಗಾಲದಲ್ಲಿ ಬಹಳ ಜಾರುತ್ತದೆ. ಊರುಗೋಲಿನ ತುದಿಗೆ ರಬ್ಬರು ಇಲ್ಲದವರು ನೆಲವನ್ನು ಗೌರವದಿಂದ ನೋಡಿಯೇ ಹೆಜ್ಜೆಯಿಡಬೇಕು.

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿ ಇಂದು ಎಲ್ಲಮ್ಮನ ಜಾತ್ರೆಗೆ ಪ್ರಸಿದ್ಧ. ಒಂದು ಕಾಲದಲ್ಲಿ ಇದು ಕಲ್ಯಾಣ ಚಾಲುಕ್ಯರ ರಾಜ್ಯದ ಹಿರಿಯ ವಿದ್ಯಾಕೇಂದ್ರಗಳಲ್ಲಿ ಒಂದು. ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯ 1058ರ ಶಾಸನವು ದಂಡನಾಯಕ ಮಧುಸೂದನನು ಇಲ್ಲಿಯ ಘಟಿಕಾಸ್ಥಾನಕ್ಕೆ ಮಾಡಿದ ಏರ್ಪಾಡನ್ನು ವಿವರವಾಗಿ ಕೊಡುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರೆಲ್ಲರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು. ಉಪಾಧ್ಯಾಯರೆಷ್ಟೋ ಗ್ರಂಥಪಾಲಕರೂ ಅಷ್ಟೇ! ವೃತ್ತಿಯಲ್ಲಿ ಮೇಷ್ಟರಾಗಿದ್ದ ನನಗೆ ಈ ಲೆಕ್ಕ ಓದಿದಾಗಲೆಲ್ಲ ಸಂತೋಷವೂ ಸ್ವಲ್ಪ ಅಸೂಯೆಯೂ ಆಗುತ್ತದೆ.

ನಾಗಾವಿಯಲ್ಲಿ ಅರವತ್ತು ಕಂಬದ ಗುಡಿಯೆಂದು ಕರೆಯುವ ವಿಶಾಲ ಮಂಟಪವುಂಟು. ವಾಹನ ನಿಲ್ಲುವಲ್ಲಿಂದ ಅಲ್ಲಿಗೆ ಹೋಗುವ ಅಲ್ಪ ದೂರ ಆರೋಗ್ಯವಂತನಿಗೆ ದೂರವೇ ಅಲ್ಲ. ನನ್ನಂಥವನಿಗೆ ಅದೊಂದು ಪ್ರವಾಸ. ಜೊತೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬರು ಮಡಚುವ ಕುರ್ಚಿಯನ್ನು ಹಿಡಿದು, ಇಪ್ಪತ್ತು ಹೆಜ್ಜೆಗೊಮ್ಮೆ ಬಿಡಿಸಿ ಹಾಕಿದರು. ಹೀಗೆ ಕುಳಿತೆದ್ದು ಹೋದದ್ದರ ಲಾಭವೇನೆಂದರೆ ಒಂದೊಂದು ಕಂಬವನ್ನೂ ಕೆಳಗಿನಿಂದ ಮೇಲಕ್ಕೆ ಓದುವಷ್ಟು ಹೊತ್ತು ಸಿಕ್ಕಿತು. ನಿಂತು ನೋಡುವವನ ಕಣ್ಣು ಕಂಬದ ನಡುವಿನಲ್ಲಿ ಸುಳಿದು ಮುಂದಕ್ಕೆ ಹೋಗುತ್ತದೆ. ಕುಳಿತವನ ಕಣ್ಣಿಗೆ ಬುಡದ ಕೆತ್ತನೆ ಕಾಣುತ್ತದೆ, ಶಿಲ್ಪಿ ಎಲ್ಲಿ ಉಳಿ ಹದ ಮಾಡಿದ, ಎಲ್ಲಿ ಅವಸರಪಟ್ಟ ಎಂಬುದು ಕಾಣುತ್ತದೆ. ನೆಲದ ಮೇಲೆ ಕುಳಿತು ಪಾಠ ಹೇಳಿಸಿಕೊಂಡ ಆ 252 ವಿದ್ಯಾರ್ಥಿಗಳೂ ತಮ್ಮ ಕಾಲದ ಮಂಟಪಗಳನ್ನು ಇದೇ ಎತ್ತರದಿಂದ ನೋಡಿದವರು ತಾನೆ?

ಚಿತ್ತಾಪುರ ತಾಲ್ಲೂಕಿನ ಇನ್ನೊಂದು ತುದಿಯಲ್ಲಿ ಭೀಮಾನದಿಯ ದಂಡೆಗೆ ಸನ್ನತಿ ಇದೆ. ವಾಡಿಯಿಂದ ಯಾದಗಿರಿಯ ಕಡೆಗೆ ಹೋಗುವ ರೈಲುದಾರಿಯ ನಾಲವಾರ ನಿಲ್ದಾಣದಿಂದ ಸುಮಾರು 20 ಕಿಲೋಮೀಟರ್. ಚಂದ್ರಲಾಂಬೆಯ ಈ ಕ್ಷೇತ್ರದಲ್ಲಿ 1986ರಲ್ಲಿ ಕಾಳಿಕಾದೇವಿಯ ಗುಡಿಯ ಮಾಳಿಗೆ ಕುಸಿಯಿತು. ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲನ್ನು ಆಮೇಲೆ ಪರಿಶೀಲಿಸಿದಾಗ ಅದರ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಅಶೋಕನ ಧರ್ಮಲಿಪಿಗಳು ಕಂಡುಬಂದವು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳೂ ಕಳಿಂಗದಲ್ಲಿ ದೊರೆತ ಎರಡು ಪ್ರತ್ಯೇಕ ಶಾಸನಗಳೂ ಅಲ್ಲಿದ್ದವು. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಕೆಲವು ವರ್ಷ ನಡೆದ ಉತ್ಖನನದಲ್ಲಿ ಮಹಾಸ್ತೂಪವೊಂದು ಹೊರಬಂದಿತು. ಅದರ ಫಲಕವೊಂದರಲ್ಲಿ ರಾಣಿ, ಪರಿಚಾರಕಿಯರ ನಡುವೆ ನಿಂತ ಅರಸನ ಆಕೃತಿ, ಅದರ ಮೇಲೆ ರಾಜ ಅಶೋಕ ಎಂಬರ್ಥದ ಪ್ರಾಕೃತ ಬರಹ. ಹೆಸರು ಸಹಿತವಾಗಿ ದೊರೆತ ಅಶೋಕನ ಶಿಲ್ಪವೆಂದು ಅದಕ್ಕೆ ದೇಶದಲ್ಲೆಲ್ಲ ಖ್ಯಾತಿ ಬಂದಿದೆ.

ಸನ್ನತಿಯಲ್ಲಿ ನೆರಳಿಗೆ ಕುಳಿತು ಅಶೋಕನನ್ನು ನೆನೆಯುವಾಗ ಬೇರೆಡೆಗಳಲ್ಲಿ ದೊರೆತಿರುವ ಅವನ ಎಂಟನೆಯ ಶಿಲಾಶಾಸನ ನೆನಪಾಗುತ್ತದೆ. ಹಿಂದಿನ ಅರಸರು ಬೇಟೆಗಾಗಿ ವಿಹಾರಯಾತ್ರೆ ಹೊರಡುತ್ತಿದ್ದರು, ತಾನು ಅದರ ಬದಲು ಧರ್ಮಯಾತ್ರೆ ಕೈಕೊಂಡಿದ್ದೇನೆ ಎಂದು ಅವನು ಅಲ್ಲಿ ಹೇಳುತ್ತಾನೆ. ಆ ಯಾತ್ರೆಯಲ್ಲಿ ಮಾಡತಕ್ಕ ಕೆಲಸಗಳ ಪಟ್ಟಿಯಲ್ಲಿ ವೃದ್ಧರನ್ನು ಕಾಣುವುದು, ಅವರಿಗೆ ಹೊನ್ನು ಕೊಡುವುದು ಎಂಬುದೂ ಒಂದು. ಸಾಮ್ರಾಟನು ತಾನಾಗಿ ಮುದುಕರಿದ್ದಲ್ಲಿಗೆ ಹೋಗುತ್ತಿದ್ದನು! ಏಳನೆಯ ಸ್ತಂಭಶಾಸನದಲ್ಲಿ ದಾರಿಯ ಬದಿಗೆ ಆಲದ ಮರಗಳನ್ನು ನೆಡಿಸಿದ, ಬಾವಿಗಳನ್ನು ತೋಡಿಸಿದ, ತಂಗುದಾಣಗಳನ್ನು ಮಾಡಿಸಿದ ಮಾತು ಬರುತ್ತದೆ. ಮರದ ನೆರಳು, ಕುಡಿಯುವ ನೀರು, ಕುಳಿತುಕೊಳ್ಳಲು ಜಾಗ – ನಡೆಯಲಾರದ ಪ್ರವಾಸಿ ಇಂದು ಕೇಳುವುದು ಇದಕ್ಕಿಂತ ಹೆಚ್ಚೇನೂ ಅಲ್ಲ.

ಇನ್ನು ಮಳಖೇಡ. ಕಲಬುರಗಿ–ಸೇಡಂ ರಸ್ತೆಯ ಮೇಲೆಯೇ, ಕಾಗಿಣಾ ನದಿಯ ದಂಡೆಗೆ ಇರುವ ಈ ಊರು ಸೇಡಂ ತಾಲ್ಲೂಕಿಗೆ ಸೇರಿದೆ. ಸುಮಾರು 814ರಲ್ಲಿ ಪಟ್ಟಕ್ಕೆ ಬಂದು ಅರವತ್ತು ವರ್ಷಗಳಿಗೂ ಮಿಕ್ಕಿ ಆಳಿದ ಅಮೋಘವರ್ಷ ನೃಪತುಂಗನು ಇದನ್ನು ಇಂದ್ರನ ನಗರವನ್ನೂ ಮೀರಿಸುವಂತೆ ಬೆಳೆಸಿದನೆಂದು ಅವನ ವಂಶದವರ ತಾಮ್ರಪಟಗಳು ಹೊಗಳುತ್ತವೆ. ಅವನ ಕಾಲದಲ್ಲಿ ಬರೆದ ಅರಬ ವರ್ತಕ ಸುಲೈಮಾನನ ವೃತ್ತಾಂತ ಬಲ್ಹರಾ ಎಂಬ ಈ ಅರಸನನ್ನು ಜಗತ್ತಿನ ನಾಲ್ಕು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಇವನ ಆಸ್ಥಾನದ್ದು. ಜಿನಸೇನ, ಗಣಿತಜ್ಞ ಮಹಾವೀರಾಚಾರ್ಯ, ವೈಯಾಕರಣ ಶಾಕಟಾಯನ ಇವನ ಆಶ್ರಯವನ್ನೋ ಆದರವನ್ನೋ ಪಡೆದವರು. ಮುಂದೆ ಮೂರನೆಯ ಕೃಷ್ಣನ ಕಾಲಕ್ಕೆ ಪೊನ್ನ ಇದ್ದ. ಅಪಭ್ರಂಶದ ಮಹಾಕವಿ ಪುಷ್ಪದಂತ ಇಲ್ಲಿಯೇ ತನ್ನ ಮಹಾಪುರಾಣವನ್ನು ಬರೆದು ಮುಗಿಸಿದ. 972ರಲ್ಲಿ ಮಾಳವದ ಪರಮಾರ ಸೀಯಕನು ಈ ನಗರವನ್ನು ಸೂರೆಮಾಡಿದ. ಮರುವರ್ಷ ತೈಲಪನು ರಾಷ್ಟ್ರಕೂಟರ ಸಿಂಹಾಸನವನ್ನು ಉರುಳಿಸಿದ.

ಅಂತಹ ನಗರದಲ್ಲಿ ಇಂದು ಉಳಿದಿರುವುದು ಎಷ್ಟು? ಶಿಥಿಲವಾದ ಒಂದು ಕೋಟೆ, ನೇಮಿನಾಥ ಬಸದಿ, ಮಾಧ್ವ ಯತಿಗಳ ಬೃಂದಾವನವಿರುವ ಮಠ, ಊರ ನಡುವೆ ಚದುರಿದ ಕಲ್ಲುಗಳು. ಕೋಟೆಯೊಳಗಿನ ಏರಿಳಿತದ ನೆಲ ಊರುಗೋಲಿಗೆ ಒಗ್ಗುವಂಥದಲ್ಲ. ನಾನು ಹೊರಗೇ ಉಳಿದೆ. ಆದರೆ ಉಳಿದುದರಿಂದ ಕಳೆದುಕೊಂಡೆನೆಂದು ಅನಿಸಲಿಲ್ಲ. ಕಾಲುಳ್ಳವರು ಒಳಗೆ ಹೋಗಿ ಬಂದು, ನೃಪತುಂಗನ ಅರಮನೆ ಎಲ್ಲಿ ಎಂದು ಕೇಳುತ್ತಾರೆ, ಅದನ್ನು ತೋರಿಸುವವರಿಲ್ಲ. ಮಾನ್ಯಖೇಟ ಹೆಚ್ಚಾಗಿ ಉಳಿದಿರುವುದು ಕಲ್ಲಿನಲ್ಲಿ ಅಲ್ಲ, ಓಲೆಯಲ್ಲಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡವೆಂದು ಗುರುತಿಸಿದ ಗ್ರಂಥವನ್ನು ಕೆ. ಬಿ. ಪಾಠಕರು 1898ರಲ್ಲಿ ಅಚ್ಚುಮಾಡಿಸಿದ ಮೇಲೆ ಆ ನಗರ ಪ್ರತಿಯೊಬ್ಬ ಓದುಗನ ಮೇಜಿಗೆ ಬಂದಿತು. ನದಿಯ ಕಡೆಗೆ ಮುಖಮಾಡಿ ಕುಳಿತು ಆ ಗ್ರಂಥವನ್ನು ತೆರೆಯುವುದು ಮಾನ್ಯಖೇಟದ ದರ್ಶನವಲ್ಲವೆಂದು ಯಾರು ಹೇಳಿಯಾರು?

ನೃಪತುಂಗನನ್ನು ಕುರಿತ ಇನ್ನೊಂದು ಸಂಗತಿ. 871ರ ಸಂಜಾನ ತಾಮ್ರಪಟವು ಅವನು ಲೋಕಕ್ಕೆ ಬಂದ ಆಪತ್ತನ್ನು ಕಳೆಯಲೆಂದು ತನ್ನ ಎಡಗೈಯ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಹೇಳುತ್ತದೆ. ಎಳೆಯ ವಯಸ್ಸಿಗೆ ಪಟ್ಟವೇರಿದವನು ಈ ಊರಿನಲ್ಲಿಯೇ ಮುದುಕನಾದನು. ರಾಜ್ಯವನ್ನು ಬಿಟ್ಟು ವಿವೇಕದ ಕಡೆಗೆ ತಿರುಗಿದನೆಂದು ಪ್ರಶ್ನೋತ್ತರ ರತ್ನಮಾಲಿಕೆ ತಿಳಿಸುತ್ತದೆ. ನಮ್ಮ ಚಿತ್ರಕಾರರು ಮಾತ್ರ ಅವನನ್ನು ಎಂದೆಂದಿಗೂ ಮೂವತ್ತರ ಹರೆಯದ, ಸರ್ವಾಂಗ ಸುಂದರ ಯೋಧನನ್ನಾಗಿ ಬರೆಯುತ್ತಾರೆ. ಬೆರಳು ಕಳೆದುಕೊಂಡ, ಹಣ್ಣಾದ, ಸಿಂಹಾಸನದಿಂದ ಏಳುವಾಗ ಯಾರದೋ ತೋಳನ್ನು ಹಿಡಿದಿರಬಹುದಾದ ನೃಪತುಂಗನನ್ನು ಕಲ್ಪಿಸಿಕೊಂಡರೆ ಅವನ ಹಿರಿಮೆ ಕುಗ್ಗುವುದಿಲ್ಲ. ಅವನು ನಮಗೆ ಹತ್ತಿರದವನಾಗುತ್ತಾನೆ.

ಸೇಡಂ ಪಟ್ಟಣವು ಶಾಸನಗಳ ಸೇಡಿಂಬ. ಇಲ್ಲಿಯ ಜೈನ ಶಾಸನಗಳನ್ನು ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿ ಉಪಕರಿಸಿದರು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1124ರಲ್ಲಿ, ಇಲ್ಲಿಯ ಮುನ್ನೂರು ಮಹಾಜನರು ಶಾಂತಿನಾಥ ತೀರ್ಥಂಕರನಿಗೆ ಆಲಯವನ್ನು ಕಟ್ಟಿಸಿ ಹೊನ್ನಿನ ಕಳಸವಿಡಿಸಿದರು. ವೈದಿಕ ಅಗ್ರಹಾರದವರು ಬಸದಿಯನ್ನು ಕಟ್ಟಿಸಿದ ಈ ಘಟನೆಯನ್ನು ನಮ್ಮ ಕಾಲದವರು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು. ಈ ಮಹಾಜನರ ಪ್ರಶಸ್ತಿಯಲ್ಲಿ ಇನ್ನೊಂದು ವಿನೋದದ ಮಾತಿದೆ: ಅವರು ಅಭಿಚಾರ ಹೋಮದ ಬಲದಿಂದ ಕಂಚಿಯ ಕೋಟೆಬಾಗಿಲನ್ನು ಒಡೆಯಿಸಿದವರಂತೆ! ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹೋಮಕುಂಡದ ಮುಂದೆ ಕುಳಿತಲ್ಲಿಯೇ ಕಂಚಿಯ ಕದ ತೆರೆದವರ ಊರಿಗೆ ಕಾಲುನೋವಿನವನು ಸಂಕೋಚವಿಲ್ಲದೆ ಹೋಗಬಹುದು ಎಂದು ನಾನು ಧೈರ್ಯ ತಂದುಕೊಂಡೆ.

ಆ ಊರಿನಲ್ಲಿ ನಮ್ಮನ್ನು ಕರೆದೊಯ್ದ ಆಟೋದ ತರುಣ ನಾನು ಇಳಿಯಲು ತಡಮಾಡಿದ್ದಕ್ಕೆ ಕ್ಷಮೆ ಕೇಳಿದಾಗ ನಕ್ಕು ಹೇಳಿದ: “ಸಾವಕಾಶ ಇಳೀರಿ ಸರ. ಒಂಬೈನೂರು ವರ್ಷ ನಿಂತದ, ನಿಮ್ಮ ಸಲುವಾಗಿ ಹತ್ತು ನಿಮಿಷ ನಿಲ್ಲಂಗಿಲ್ಲೇನ್ರಿ ಗುಡಿ?” ಸ್ಮಾರಕಗಳ ವಿಷಯದಲ್ಲಿ ಇದಕ್ಕಿಂತ ನಿರ್ದುಷ್ಟವಾದ ವಾಕ್ಯವನ್ನು ನಾನು ಯಾವ ಪ್ರೌಢಪ್ರಬಂಧದಲ್ಲೂ ಓದಿಲ್ಲ.

ಚಿಂಚೋಳಿಯ ಮಾತು ಬೇರೆ. ಅಲ್ಲಿಗೆ ರೈಲು ಇಲ್ಲ. ಎರೆಭೂಮಿ ಮುಗಿದು ಕೆಂಪು ಜಂಬಿಟ್ಟಿಗೆಯ ದಿಣ್ಣೆಗಳೂ ಕಾಡೂ ತೊಡಗುತ್ತವೆ, ಮುಲ್ಲಾಮಾರಿ ಹರಿಯುತ್ತದೆ, ಚಂದ್ರಂಪಳ್ಳಿಯ ಜಲಾಶಯ ಕಣಿವೆಯಲ್ಲಿ ಹರಡಿದೆ. ವನ್ಯಜೀವಿಧಾಮವಾಗಿರುವ ಆ ಕಾಡಿನ ಒಳಗಿನ ಹಾದಿಗಳು ನಡೆಯಬಲ್ಲವರಿಗೆ ಮೀಸಲು. ಎಲ್ಲವನ್ನೂ ಎಲ್ಲರೂ ನೋಡುವಂತೆ ಕಾಡನ್ನು ಕಡಿದು ರಸ್ತೆಮಾಡಬೇಕೆಂದು ನಾನು ಹೇಳಲಾರೆ. ಕೆಲವನ್ನು ನೋಡದೆ ಬಿಡುವುದೂ ಪ್ರವಾಸದ ಶಿಸ್ತಿನಲ್ಲಿ ಸೇರಿದೆ. ಆದರೆ ಪ್ರಕೃತಿ ಒಡ್ಡಿದ ಅಡ್ಡಿಗೂ ಮನುಷ್ಯನ ಅಲಕ್ಷ್ಯ ಒಡ್ಡಿದ ಅಡ್ಡಿಗೂ ವ್ಯತ್ಯಾಸವಿದೆ. ಬೆಟ್ಟ ಎತ್ತರವಾಗಿರುವುದು ಅನ್ಯಾಯವಲ್ಲ. ಸಮತಟ್ಟಾದ ನೆಲದಲ್ಲಿರುವ ಗುಡಿಯ ಮುಂದೆ ಕಿತ್ತುಹೋದ ಮೂರು ಮೆಟ್ಟಿಲುಗಳನ್ನು ಹಾಗೆಯೇ ಬಿಡುವುದು ಅನ್ಯಾಯ. ನನ್ನ ಅನುಭವದಲ್ಲಿ ನೂರಾರು ಮೈಲಿ ರೈಲು, ಬಸ್ಸುಗಳು ಕಳೆಯುತ್ತವೆ. ಕಳೆಯದಿರುವುದು ಕೊನೆಯ ಐವತ್ತು ಗಜ.

ಈ ಐವತ್ತು ಗಜದ ವಿಷಯದಲ್ಲಿ ಕಾನೂನು ಸುಮ್ಮನೆ ಕುಳಿತಿಲ್ಲ. ಅಂಗವಿಕಲರ ಸಮಾನ ಅವಕಾಶಗಳ ಕಾಯಿದೆ 1995ರಲ್ಲಿ ಬಂದಿತು. ಅದರ ಸ್ಥಾನದಲ್ಲಿ ಇನ್ನೂ ವಿಸ್ತಾರವಾದ ಕಾಯಿದೆ 2016ರಲ್ಲಿ ಬಂದಿತು. 2015ರ ಡಿಸೆಂಬರ್ 3ರಂದು ಸುಗಮ್ಯ ಭಾರತ ಅಭಿಯಾನ ಆರಂಭವಾಯಿತು. ಪ್ರಸಿದ್ಧ ಸ್ಮಾರಕಗಳಲ್ಲಿ ಇಳಿಜಾರು ಹಾದಿ, ಗಾಲಿಕುರ್ಚಿಗಳು ಬರತೊಡಗಿವೆ. ನಾಗಾವಿಯಂಥ, ಮಳಖೇಡದಂಥ ಸ್ಥಳಗಳಿಗೆ ಪ್ರಸಿದ್ಧಿ ಕಡಿಮೆಯಾದ್ದರಿಂದ ಸರದಿಯೂ ತಡವಾಗಿ ಬರುತ್ತದೆ. ಬೇಕಾದದ್ದು ಮಹಾ ವೆಚ್ಚದ ಕಾಮಗಾರಿಯಲ್ಲ. ಹೊಸ್ತಿಲಿಗೆ ಮೊಳೆ ಹೊಡೆಯದೆ ಇಟ್ಟು ತೆಗೆಯಬಹುದಾದ ಮರದ ಇಳಿಜಾರು, ಹಿಡಿದುಕೊಳ್ಳಲು ಒಂದು ಸರಳು, ಮರದ ಕೆಳಗೆ ಬೆನ್ನಾನಿಸಿ ಕೂರುವಂಥ ಎರಡು ಕಲ್ಲಿನ ಆಸನ, ಬಾಗಿಲಿನವರೆಗೆ ಗಾಲಿ ಉರುಳುವಂತೆ ಹಾಸಿದ ಫರ್ಸಿಯ ಹಾದಿ, ಶುಚಿಯಾದ ಶೌಚಾಲಯ. ಫರ್ಸಿಗಂತೂ ಈ ಜಿಲ್ಲೆಯಲ್ಲಿ ಬರವಿಲ್ಲ. ನುಣುಪು ಮಾಡದೆ ಒರಟಾಗಿಯೇ ಹಾಸಿದರೆ ಜಾರುವ ಭಯವೂ ಇಲ್ಲ. ಇದರೊಡನೆ ಪ್ರತಿಯೊಂದು ಶಾಸನದ ಪಾಠವನ್ನೂ ತಾತ್ಪರ್ಯವನ್ನೂ ಕುಳಿತವನ ಕಣ್ಣಿನ ಎತ್ತರಕ್ಕೆ ದೊಡ್ಡ ಅಕ್ಷರಗಳಲ್ಲಿ ಬರೆದು ನಿಲ್ಲಿಸಿದರೆ, ಕಂಬದವರೆಗೆ ಹೋಗಲಾರದವನೂ ಅದು ಹೇಳುವುದನ್ನು ಕೇಳಿಸಿಕೊಂಡಾನು.

ಇದು ಪ್ರವಾಸಿಗಳಿಗಷ್ಟೇ ಸಂಬಂಧಿಸಿದ್ದಲ್ಲ. ಆಯಾ ಊರುಗಳ ಮುದುಕಿಯರು, ಮುದುಕರು ತಾವು ಚಿಕ್ಕಂದಿನಲ್ಲಿ ಓಡಾಡಿ ಆಡಿದ ಮಂಟಪವನ್ನು ಈಗ ದೂರದಿಂದ ನೋಡಿ ಕೈಮುಗಿಯುತ್ತಾರೆ. ಆ ಕಲ್ಲುಗಳನ್ನು ಕುರಿತ ಕಥೆಗಳು ಬಾಯಿಪಾಠವಾಗಿ ಇರುವುದು ಅವರಲ್ಲಿಯೇ. ಅವರನ್ನು ಒಳಗೆ ಕರೆದೊಯ್ದು, ಪಕ್ಕದಲ್ಲಿ ಮೊಮ್ಮಕ್ಕಳನ್ನು ಕೂರಿಸಿದರೆ ಇತಿಹಾಸದ ಪಾಠಕ್ಕೆ ಬೇರೆ ಶಾಲೆ ಬೇಕಾಗದು. ನಾಗಾವಿಯ ಶಾಸನ 252 ವಿದ್ಯಾರ್ಥಿಗಳಿಗೆ ಆರು ಗ್ರಂಥಪಾಲಕರನ್ನು ಗೊತ್ತುಮಾಡಿತು. ಕೋಡಿಯಮಠದ ಶಾಸನ ಕಾಲಿಲ್ಲದವನ ಹೆಸರನ್ನು ಪಂಡಿತನ ಹೆಸರಿನ ಜೊತೆಗೆ ಬರೆಯಿತು. ಈ ಎರಡು ಕಲ್ಲುಗಳನ್ನು ಕೂಡಿಸಿ ಓದಿಕೊಂಡ ಜಿಲ್ಲಾ ಮಂಡಳಿಯೋ ಊರಿನ ಪಂಚಾಯತಿಯೋ ಒಂದು ಬೇಸಿಗೆಯೊಳಗೆ ಆ ಐವತ್ತು ಗಜದ ಹಾದಿಯನ್ನು ಹಾಸಿ ಮುಗಿಸಬಹುದು.